ಕೀಲೆಣ್ಣೆಯ ಸಾಕ್ಷಿ

ಎತ್ತಿನ ಗಾಡಿಗಳಿದ್ದ ಕಾಲದಲ್ಲಿ ಗಾಡಿಯ ಅಡಿಯಲ್ಲಿ ಒಂದು ಬಿದಿರಿನ ಗೊಟ್ಟ ನೇತಾಡುತ್ತಿತ್ತು. ಅದರೊಳಗೆ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ ಕೀಲೆಣ್ಣೆ. ದೂರದ ಊರಿಗೆ ಹೊರಟವರು ನಡುದಾರಿಯಲ್ಲಿ ಗಾಡಿ ನಿಲ್ಲಿಸಿ, ಕಡಾಣಿ ತೆಗೆದು, ಗಾಲಿಯನ್ನು ತುಸು ಸರಿಸಿ, ಅಚ್ಚಿಗೆ ಅದನ್ನು ಬಳಿದು ಮುಂದೆ ಸಾಗುತ್ತಿದ್ದರು. ಎಣ್ಣೆ ಬತ್ತಿದೆ ಎಂದು ತಿಳಿಯಲು ಯಾವ ಪರೀಕ್ಷೆಯೂ ಬೇಕಿರಲಿಲ್ಲ. ಅಚ್ಚು ತಾನೇ ಕಿರುಗುಟ್ಟಿ ಹೇಳುತ್ತಿತ್ತು.

ಜೆಟ್ ಎಂಜಿನ್ನಿಗೆ ಈ ಸೌಲಭ್ಯವಿಲ್ಲ. ಅದರ ನಡುವಿನ ಶಾಫ್ಟು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಆ ಶಾಫ್ಟನ್ನು ಹೊತ್ತ ಬೇರಿಂಗುಗಳು ಎಂಜಿನ್ನಿನ ಹೊಟ್ಟೆಯೊಳಗೆ, ಉರಿಯುವ ಭಾಗಕ್ಕೆ ಹತ್ತಿರದಲ್ಲೇ, ಯಾರ ಕಣ್ಣಿಗೂ ಬೀಳದಂತೆ ಕೂತಿರುತ್ತವೆ. ಅಲ್ಲಿ ಏನಾದರೂ ಕಿರುಗುಟ್ಟಿದರೂ ಎಂಜಿನ್ನಿನ ಆರ್ಭಟದಲ್ಲಿ ಕೇಳುವವರಿಲ್ಲ. ಎಂಜಿನ್ನನ್ನು ಬಿಚ್ಚಿ ನೋಡೋಣವೆಂದರೆ ಅದು ದುಬಾರಿ ಕೆಲಸ. ಹೀಗಿರುವಾಗ ಒಳಗಿನ ಸುದ್ದಿಯನ್ನು ಹೊರಗೆ ತರಬಲ್ಲದ್ದು ಒಂದೇ. ಅದು ಆ ಬೇರಿಂಗುಗಳನ್ನು ಮುಟ್ಟಿ, ತಣಿಸಿ, ಸುತ್ತಿ ಬರುವ ಕೀಲೆಣ್ಣೆ.

ಆ ಎಣ್ಣೆಯನ್ನು ಓದಲು ಮನುಷ್ಯರು ಹೇಗೆ ಕಲಿತರು ಎಂಬುದರ ಚರಿತ್ರೆ ಇದು. ಆ ಓದೇ ಒಮ್ಮೆ ಒಂದು ವಿಮಾನವನ್ನು ಸಮುದ್ರದ ಮೇಲೆ ಎಂಜಿನ್ ಇಲ್ಲದೆ ತೇಲಿಸಿದ ಕಥೆಯೂ ಹೌದು.

*

ಆರಂಭದ ವಿಮಾನಗಳಿಗೂ ನಮ್ಮ ಗಾಡಿಗೂ ಒಂದು ನಂಟಿದೆ. ಮೊದಲ ಮಹಾಯುದ್ಧದ ಎಷ್ಟೋ ವಿಮಾನಗಳಲ್ಲಿ ಇದ್ದದ್ದು ರೋಟರಿ ಎಂಜಿನ್ನು. ಸಿಲಿಂಡರುಗಳೇ ಪ್ರೊಪೆಲ್ಲರಿನ ಜೊತೆ ಗಿರಗಿರ ತಿರುಗುವ ಬಗೆ. ಅದಕ್ಕೆ ಹಾಕುತ್ತಿದ್ದುದು ಹರಳೆಣ್ಣೆ. ಪೆಟ್ರೋಲಿನಲ್ಲಿ ಸುಲಭವಾಗಿ ಕರಗದ, ಬಿಸಿಯಲ್ಲೂ ಜಿಗುಟು ಬಿಡದ ಎಣ್ಣೆ ಅದಾಗಿತ್ತು. ಯುದ್ಧಕಾಲದಲ್ಲಿ ಭಾರತದ ಹರಳು ಬೀಜಕ್ಕೆ ಬೇಡಿಕೆ ಏರಿದ್ದರ ಹಿಂದೆ ಈ ಎಂಜಿನ್ನುಗಳಿವೆ.

ಆದರೆ ರೋಟರಿ ಎಂಜಿನ್ನು ಎಣ್ಣೆಯನ್ನು ಉಳಿಸಿಕೊಳ್ಳುತ್ತಿರಲಿಲ್ಲ. ಒಳಗೆ ಹೋದ ಎಣ್ಣೆ ಹೊಗೆಯೊಡನೆ ಹೊರಬಿದ್ದು ವಿಮಾನದ ಮೈಗೆ, ಪೈಲಟ್ಟಿನ ಮುಖಕ್ಕೆ ಎರಚುತ್ತಿತ್ತು. ಹಾರಾಟ ಮುಗಿದ ಮೇಲೆ ಎಂಜಿನ್ನಿನೊಳಗೆ ಏನಾಯಿತೆಂದು ಹೇಳಲು ಎಣ್ಣೆಯೇ ಉಳಿದಿರುತ್ತಿರಲಿಲ್ಲ. ಮುಂದಿನ ಎಂಜಿನ್ನುಗಳಲ್ಲಿ ಎಣ್ಣೆ ತೊಟ್ಟಿಯಿಂದ ಹೊರಟು, ಬೇರಿಂಗು ಗೇರುಗಳನ್ನೆಲ್ಲ ಸುತ್ತಿ, ಫಿಲ್ಟರ್ ದಾಟಿ ಮತ್ತೆ ತೊಟ್ಟಿಗೆ ಮರಳತೊಡಗಿತು. ಜೆಟ್ ಎಂಜಿನ್ನಿನಲ್ಲಂತೂ ಈ ಎಣ್ಣೆ ಉರಿಯುವ ಇಂಧನದ ಸಂಪರ್ಕಕ್ಕೇ ಬರುವುದಿಲ್ಲ. ಅದೇ ಕೆಲವು ಲೀಟರ್ ಎಣ್ಣೆ ದಿನಗಟ್ಟಲೆ ಸುತ್ತುತ್ತದೆ. ಸುತ್ತಿದಲ್ಲೆಲ್ಲ ಸವೆದ ಲೋಹದ ಪುಡಿಯನ್ನು ಹೊತ್ತು ತರುತ್ತದೆ. ಮರಳಿ ಬರುವ ಎಣ್ಣೆ ಎಂದರೆ ನೆನಪಿರುವ ಎಣ್ಣೆ. ಆದರೆ ಆ ನೆನಪನ್ನು ಓದುವ ವಿದ್ಯೆ ಹುಟ್ಟಿದ್ದು ವಿಮಾನಗಳಿಗೂ ಮೊದಲು, ಬೇರೊಂದು ಊರಿನಲ್ಲಿ.

ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 1859ರ ಸುಮಾರಿಗೆ ರಸಾಯನಶಾಸ್ತ್ರಜ್ಞ ರಾಬರ್ಟ್ ಬುನ್ಸೆನ್ ಮತ್ತು ಭೌತಶಾಸ್ತ್ರಜ್ಞ ಗುಸ್ತಾಫ್ ಕಿರ್ಕಾಫ್ ಜೊತೆಗೂಡಿ ಒಂದು ಕೆಲಸ ಮಾಡುತ್ತಿದ್ದರು. ಬೇರೆ ಬೇರೆ ಲವಣಗಳನ್ನು ಉರಿಯಲ್ಲಿ ಸುಡುವುದು, ಆ ಉರಿಯ ಬೆಳಕನ್ನು ಪಟ್ಟಕದಲ್ಲಿ ಹಾಯಿಸಿ ಬಣ್ಣಗಳಾಗಿ ಬಿಡಿಸಿ ನೋಡುವುದು. ಪ್ರತಿ ಧಾತುವೂ ತನ್ನದೇ ಜಾಗದಲ್ಲಿ ತನ್ನದೇ ಗೆರೆಗಳನ್ನು ಮೂಡಿಸುತ್ತಿತ್ತು. ಸೋಡಿಯಮ್ಮಿಗೆ ಒಂದು ಹಳದಿ ಜೋಡಿ, ಸ್ಟ್ರಾಂಶಿಯಮ್ಮಿಗೆ ಕೆಂಪು. ಬಣ್ಣಗಳ ಈ ಪಟ್ಟಿಗೆ ಕನ್ನಡದಲ್ಲಿ ರೋಹಿತ ಎನ್ನುತ್ತೇವೆ. 1860ರಲ್ಲಿ ಅವರಿಬ್ಬರು ಡ್ಯುರ್ಕ್‌ಹೈಮ್ ಎಂಬ ಊರಿನ ಬುಗ್ಗೆಯ ನೀರನ್ನು ಪರೀಕ್ಷಿಸುವಾಗ ಯಾರೂ ಕಾಣದಿದ್ದ ಎರಡು ನೀಲಿ ಗೆರೆಗಳು ಕಂಡವು. ಅದು ಸೀಸಿಯಂ ಎಂಬ ಹೊಸ ಧಾತು. ಆ ಧಾತುವಿನ ಸ್ವಲ್ಪ ಲವಣವನ್ನು ಬೇರ್ಪಡಿಸಲು ಬುನ್ಸೆನ್ ಸುಮಾರು 44,000 ಲೀಟರ್ ನೀರನ್ನು ಇಂಗಿಸಬೇಕಾಯಿತು.

ಈ ಅಂಕಿಯನ್ನು ಹೇಳಿದ್ದಕ್ಕೆ ಕಾರಣವಿದೆ. ಸಾವಿರಾರು ಲೀಟರ್ ನೀರಿನಲ್ಲಿ ಅಡಗಿದ್ದ ಚೂರು ಲೋಹವನ್ನು ಒಂದು ಹನಿಯ ಬೆಳಕು ತೋರಿಸಿಕೊಟ್ಟಿತ್ತು. ಎಣ್ಣೆಯಲ್ಲಿ ಅಡಗಿದ ಕಬ್ಬಿಣಕ್ಕೂ ಇದೇ ವಿದ್ಯೆ ಸಲ್ಲುತ್ತದೆ. ಆದರೆ ಅದು ಯಾರಿಗಾದರೂ ಅಗತ್ಯವಾಗಿ ಕಾಣಲು ಇನ್ನೂ ಎಂಬತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

*

ಅಗತ್ಯ ಮೊದಲು ಬಂದದ್ದು ರೈಲಿನವರಿಗೆ. ಅಮೆರಿಕದಲ್ಲಿ ಎರಡನೆಯ ಮಹಾಯುದ್ಧದ ಹೊತ್ತಿಗೆ ಉಗಿಬಂಡಿಗಳು ಹೋಗಿ ಡೀಸೆಲ್ ಎಂಜಿನ್ನುಗಳು ಬರುತ್ತಿದ್ದವು. ಉಗಿಯಂತ್ರದ ಕೀಲುಗಳೆಲ್ಲ ಹೊರಗೇ ಕಾಣುವಂಥವು. ಡೀಸೆಲ್ ಎಂಜಿನ್ನು ಮುಚ್ಚಿದ ಪೆಟ್ಟಿಗೆ. ರಾಕಿ ಪರ್ವತಗಳ ಏರುದಾರಿಯಲ್ಲಿ ರೈಲು ಓಡಿಸುತ್ತಿದ್ದ ಡೆನ್ವರ್ ಅಂಡ್ ರಿಯೋ ಗ್ರಾಂಡೆ ಕಂಪನಿಯ ಪ್ರಯೋಗಾಲಯದವರು 1940ರ ದಶಕದಲ್ಲಿ ಬಳಸಿದ ಎಣ್ಣೆಯ ಮಾದರಿ ತೆಗೆದು ರೋಹಿತದಲ್ಲಿ ಪರೀಕ್ಷಿಸತೊಡಗಿದರು. ಎಣ್ಣೆಯಲ್ಲಿನ ಲೋಹ ಏರಿದ ಎಂಜಿನ್ನುಗಳಲ್ಲಿ ತೊಂದರೆ ಇದ್ದದ್ದು ಬಿಚ್ಚಿದಾಗ ಕಂಡಿತು. ಎಂಜಿನ್ನು ಬೆಟ್ಟದ ನಡುವೆ ನಿಲ್ಲುವ ಮೊದಲೇ ಷೆಡ್ಡಿನಲ್ಲಿ ಅದನ್ನು ಹಿಡಿಯಬಹುದಾಗಿತ್ತು.

ಬೆಟ್ಟದಲ್ಲಿ ನಿಂತ ರೈಲಿಗೆ ಇನ್ನೊಂದು ಎಂಜಿನ್ನು ಕಳಿಸಬಹುದು. ಸಮುದ್ರದ ಮೇಲೆ ಹಾರುವ ವಿಮಾನಕ್ಕೆ ಅದು ಸಾಧ್ಯವಿಲ್ಲ. ಆದ್ದರಿಂದ ರೈಲಿನವರ ಈ ಪಾಠ ಮುಂದೆ ಅಮೆರಿಕದ ನೌಕಾಪಡೆಗೆ ಬಹಳ ಮುಖ್ಯವಾಯಿತು. 1955ರಲ್ಲಿ ಫ್ಲಾರಿಡಾದ ಪೆನ್ಸಕೋಲಾದಲ್ಲಿದ್ದ ವಿಮಾನ ದುರಸ್ತಿ ಕೇಂದ್ರದಲ್ಲಿ ನೌಕಾಪಡೆ ಎಣ್ಣೆ ಪರೀಕ್ಷೆಯ ಕೆಲಸ ಶುರುಮಾಡಿತು. 1960ರ ದಶಕದ ಮೊದಲ ವರ್ಷಗಳಲ್ಲಿ ಭೂಸೇನೆ ತನ್ನ ಹೆಲಿಕಾಪ್ಟರುಗಳಿಗಾಗಿ, ಬಳಿಕ ವಾಯುಸೇನೆ ತನ್ನ ಜೆಟ್‌ಗಳಿಗಾಗಿ ಇದೇ ದಾರಿ ಹಿಡಿದವು. 1970ರ ದಶಕದಲ್ಲಿ ಮೂರೂ ಸೇನೆಗಳ ಕೆಲಸ ಒಂದೇ ಕಾರ್ಯಕ್ರಮದಡಿ ಬಂತು. ಒಂದು ಕೇಂದ್ರದ ಯಂತ್ರ ತೋರಿಸಿದ ಅಂಕಿ ಇನ್ನೊಂದು ಕೇಂದ್ರದ ಯಂತ್ರದ ಅಂಕಿಗೆ ಹೊಂದುವಂತೆ ಮಾಡುವುದೇ ಆ ಕಾರ್ಯಕ್ರಮದ ದೊಡ್ಡ ಕೆಲಸವಾಗಿತ್ತು. ವಿಮಾನ ಇಂದು ಇಲ್ಲಿಳಿದು ನಾಳೆ ಇನ್ನೆಲ್ಲೋ ಇಳಿಯುತ್ತದಲ್ಲ!

ಪರೀಕ್ಷೆ ನಡೆಯುವ ಬಗೆ ಸರಳ. ಎಂಜಿನ್ನು ನಿಂತ ಕೂಡಲೇ, ಲೋಹದ ಪುಡಿ ತಳಕ್ಕಿಳಿಯುವ ಮೊದಲು, ಒಂದು ಸಣ್ಣ ಬಾಟಲಿಯಲ್ಲಿ ಎಣ್ಣೆ ತೆಗೆಯುತ್ತಾರೆ. ಪ್ರಯೋಗಾಲಯದಲ್ಲಿ ಒಂದು ಗ್ರಾಫೈಟ್ ಚಕ್ರ ಆ ಎಣ್ಣೆಯಲ್ಲಿ ಅದ್ದಿಕೊಂಡು ತಿರುಗುತ್ತದೆ. ಚಕ್ರದ ಮೇಲ್ತುದಿಯಲ್ಲಿ ವಿದ್ಯುತ್ ಕಿಡಿ ಹಾರಿಸಿ ಎಣ್ಣೆಯನ್ನು ಸುಡುತ್ತಾರೆ. ಹೊಮ್ಮಿದ ಬೆಳಕನ್ನು ಬಿಡಿಸಿ ಯಾವ ಗೆರೆ ಎಷ್ಟು ಪ್ರಖರವಾಗಿದೆ ಎಂದು ಅಳೆಯುತ್ತಾರೆ. ಉತ್ತರ ಪಿಪಿಎಂ ಲೆಕ್ಕದಲ್ಲಿ ಬರುತ್ತದೆ, ಅಂದರೆ ಎಣ್ಣೆಯ ಹತ್ತು ಲಕ್ಷ ಪಾಲಿನಲ್ಲಿ ಲೋಹ ಎಷ್ಟು ಪಾಲು ಎಂದು. ಕೆಲವೇ ಪಿಪಿಎಂ ಏರಿಳಿತಕ್ಕೂ ಇಲ್ಲಿ ಬೆಲೆಯಿದೆ.

ಯಾವ ಲೋಹ ಎಂಬುದು ಯಾವ ಭಾಗ ಎಂಬುದನ್ನು ಸೂಚಿಸುತ್ತದೆ. ಕಬ್ಬಿಣ ಏರಿದರೆ ಬೇರಿಂಗು ಅಥವಾ ಗೇರು. ಕಬ್ಬಿಣದ ಜೊತೆ ಬೆಳ್ಳಿ ಕಂಡರೆ ಬೇರಿಂಗಿನ ಗುಂಡುಗಳನ್ನು ಹಿಡಿದಿಡುವ ಪಂಜರ, ಏಕೆಂದರೆ ಅದಕ್ಕೆ ಬೆಳ್ಳಿಯ ಲೇಪವಿರುವುದುಂಟು. ತಾಮ್ರವೆಂದರೆ ಕಂಚಿನ ಭಾಗಗಳು. ಮೆಗ್ನೀಸಿಯಂ ಅಥವಾ ಅಲ್ಯೂಮಿನಿಯಂ ಎಂದರೆ ಗೇರ್‌ಪೆಟ್ಟಿಗೆಯ ಕವಚ. ಸಿಲಿಕಾನ್ ಬಂದರೆ ಹೊರಗಿನ ಮರಳು ದೂಳು ಒಳಹೊಕ್ಕಿರಬಹುದು.

ಆದರೆ ಒಂದು ದಿನದ ಅಂಕಿ ಒಂಟಿಯಾಗಿ ಏನನ್ನೂ ಹೇಳುವುದಿಲ್ಲ. ಒಂದು ಎಂಜಿನ್ನಿಗೆ ಸಹಜವಾದ ಕಬ್ಬಿಣದ ಮಟ್ಟ ಇನ್ನೊಂದಕ್ಕೆ ಅಪಾಯದ ಮಟ್ಟವಾಗಬಹುದು. ನೋಡಬೇಕಾದ್ದು ಏರಿಕೆಯ ವೇಗ: ಕಳೆದ ವಾರ ಎಷ್ಟಿತ್ತು, ಹತ್ತು ಗಂಟೆ ಹಾರಿದ ಮೇಲೆ ಎಷ್ಟಾಯಿತು. ನಡುವೆ ಹೊಸ ಎಣ್ಣೆ ಸುರಿದಿದ್ದರೆ ಲೋಹದ ಪ್ರಮಾಣ ತೆಳುವಾಗಿ ಸುಳ್ಳು ನೆಮ್ಮದಿ ಕೊಡುತ್ತದೆ. ಆದ್ದರಿಂದ ಎಷ್ಟು ಎಣ್ಣೆ ಸುರಿದೆವು ಎಂಬುದನ್ನೂ ಬರೆದಿಡಬೇಕು. ಬಾಟಲಿಯ ಮೇಲೆ ಎಂಜಿನ್ನಿನ ಸಂಖ್ಯೆ ತಪ್ಪಾಗಿ ಬರೆದರೆ ಎಷ್ಟೇ ಬೆಲೆಯ ಯಂತ್ರವಿದ್ದರೂ ವ್ಯರ್ಥ. ಭೌತವಿಜ್ಞಾನದ ಮೇಲೆ ನಿಂತ ಈ ಪದ್ಧತಿ ದಿನನಿತ್ಯ ನಡೆಯುವುದು ಲೆಕ್ಕದ ಪುಸ್ತಕದ ಶಿಸ್ತಿನಿಂದ. ಅಂಗಡಿಯ ಶೆಟ್ಟರು ಖಾತೆ ಬರೆದಷ್ಟೇ ನಿಯತ್ತಿನಿಂದ ಎಂಜಿನ್ನಿನ ಖಾತೆ ಬರೆಯಬೇಕು.

*

ಈ ಪದ್ಧತಿಗೆ ಒಂದು ಕುರುಡೂ ಇತ್ತು. ಕಿಡಿಯಲ್ಲಿ ಪೂರ್ತಿ ಉರಿದುಹೋಗುವಷ್ಟು ಸಣ್ಣ ಕಣವನ್ನು ಮಾತ್ರ ಯಂತ್ರ ಸರಿಯಾಗಿ ಎಣಿಸಬಲ್ಲದು. ಸುಮಾರು ಹತ್ತು ಮೈಕ್ರಾನ್ ದಾಟಿದ ಕಣಗಳು ಲೆಕ್ಕಕ್ಕೆ ಸಿಗುವುದೇ ಇಲ್ಲ. ನಮ್ಮ ತಲೆಗೂದಲಿನ ದಪ್ಪ ಇದರ ಹಲವು ಪಟ್ಟು. ನಿಧಾನವಾಗಿ ಉಜ್ಜಿ ಸವೆಯುವ ಭಾಗ ನುಣ್ಣನೆಯ ಪುಡಿ ಬಿಡುತ್ತದೆ. ಅದು ರೋಹಿತಕ್ಕೆ ಸಿಗುತ್ತದೆ. ಆದರೆ ಜೆಟ್ ಎಂಜಿನ್ನಿನ ಬೇರಿಂಗು ದಣಿದು ಒಡೆಯುವಾಗ ಅದರ ಮೈಯಿಂದ ಚಕ್ಕೆಗಳೇ ಏಳುತ್ತವೆ. ಸವೆತದ ಪುಡಿಯನ್ನು ಹಿಡಿಯುವ ಯಂತ್ರಕ್ಕೆ ಈ ಚಕ್ಕೆಗಳು ಕಾಣುವುದಿಲ್ಲ. ಅಂದರೆ ಅಪಾಯ ಹೆಚ್ಚಿದಂತೆ ಯಂತ್ರದ ಕಣ್ಣು ಮಂಜಾಗುತ್ತಿತ್ತು. ಮುಂದೆ ಫಿಲ್ಟರುಗಳು ಇನ್ನಷ್ಟು ನಯವಾದಾಗ ಬೇರೊಂದು ತೊಡಕಾಯಿತು. ಎಣ್ಣೆಯನ್ನು ಶುಚಿಯಾಗಿಡಬೇಕಾದ ಫಿಲ್ಟರು ಸಾಕ್ಷಿಯನ್ನೂ ತೊಳೆದುಹಾಕತೊಡಗಿತು.

1970ರ ದಶಕದ ಮೊದಲಲ್ಲಿ ಅಮೆರಿಕದ ವರ್ನನ್ ವೆಸ್ಟ್‌ಕಾಟ್ ಮತ್ತು ಸಂಗಡಿಗರು ಇದಕ್ಕೊಂದು ಉಪಾಯ ಕಂಡುಕೊಂಡರು. ತುಸು ಓರೆಯಾಗಿಟ್ಟ ಗಾಜಿನ ತುಂಡು, ಅದರಡಿ ಬಲವಾದ ಅಯಸ್ಕಾಂತ. ಗಾಜಿನ ಮೇಲೆ ಎಣ್ಣೆ ಮೆಲ್ಲಗೆ ಹರಿದಾಗ ಕಬ್ಬಿಣದ ಕಣಗಳು ದೊಡ್ಡವು ಮೊದಲು, ಸಣ್ಣವು ಆಮೇಲೆ ಎಂಬಂತೆ ಸಾಲಾಗಿ ಅಂಟಿಕೊಳ್ಳುತ್ತವೆ. ಇದಕ್ಕೆ ಫೆರೋಗ್ರಫಿ ಎಂದು ಹೆಸರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆ ಕಣಗಳ ಆಕಾರವೇ ಕಥೆ ಹೇಳುತ್ತದೆ. ಚಪ್ಪಟೆ ಹಾಳೆಯಂಥವು ಸಹಜ ಸವೆತದ್ದು. ಬಡಗಿಯ ಉಜ್ಜುಗೊರಡಿನಿಂದ ಎದ್ದ ಸುರುಳಿಯಂಥವು ಒಂದು ಲೋಹ ಇನ್ನೊಂದನ್ನು ಕೊರೆದದ್ದು. ಪುಟ್ಟ ಗುಂಡುಗಳು ಕಂಡರೆ ಬೇರಿಂಗಿನೊಳಗೆ ದಣಿವಿನ ಬಿರುಕು ಶುರುವಾಗಿರಬಹುದು. ಕನ್ನಡದಲ್ಲಿ ಕೀಲು ಎಂದರೆ ಗಾಡಿಯದೂ ಹೌದು, ಮೊಣಕಾಲಿನದೂ ಹೌದು. ಅದಕ್ಕೆ ಒಪ್ಪುವಂತೆ 1970ರ ದಶಕದ ಕೊನೆಯಲ್ಲಿ ಇದೇ ವಿಧಾನದಿಂದ ಮನುಷ್ಯರ ಕೀಲಿನೊಳಗಿನ ದ್ರವವನ್ನೂ ಪರೀಕ್ಷಿಸಿ ಸವೆತದ ಕಣಗಳನ್ನು ನೋಡಿದರು.

ಎಲ್ಲಕ್ಕಿಂತ ಸರಳವಾದ ಸಾಧನ ಇನ್ನೊಂದಿತ್ತು. ಎಣ್ಣೆ ಮರಳುವ ದಾರಿಯಲ್ಲಿ ಒಂದು ಅಯಸ್ಕಾಂತದ ಬಿರಡೆ ಇಡುವುದು. ದೊಡ್ಡ ಚಕ್ಕೆಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಆಗಾಗ ಅದನ್ನು ಬಿಚ್ಚಿ ಕಣ್ಣಲ್ಲಿ ನೋಡಿದರಾಯಿತು. ಇದಕ್ಕೆ ಚಿಪ್ ಡಿಟೆಕ್ಟರ್ ಎನ್ನುತ್ತಾರೆ. ನಮ್ಮ ಕಥೆ ತಿರುಗುವುದು ಈ ಪುಟ್ಟ ಬಿರಡೆಯ ಸುತ್ತ.

*

1983ರ ಮೇ 5, ಬೆಳಗ್ಗೆ 8 ಗಂಟೆ 56 ನಿಮಿಷ. ಈಸ್ಟರ್ನ್ ಏರ್‌ಲೈನ್ಸಿನ 855ನೇ ವಿಮಾನ ಮಯಾಮಿಯಿಂದ ಬಹಾಮಾಸ್ ದ್ವೀಪಗಳ ನಸ್ಸಾವಿಗೆ ಹೊರಟಿತು. ಅದು ಮೂರು ಎಂಜಿನ್ನುಗಳ ಲಾಕ್‌ಹೀಡ್ ಎಲ್-1011 ವಿಮಾನ. ಒಳಗೆ 162 ಪ್ರಯಾಣಿಕರು, 10 ಸಿಬ್ಬಂದಿ. ಗಂಟೆಯೊಳಗೆ ಮುಗಿಯುವ ಪ್ರಯಾಣ.

9.15ರ ಸುಮಾರಿಗೆ ನಸ್ಸಾವಿನತ್ತ ಇಳಿಯುತ್ತಿರುವಾಗ ಬಾಲದಲ್ಲಿದ್ದ ನಡುವಿನ ಎಂಜಿನ್ನಿನ ಎಣ್ಣೆಯ ಒತ್ತಡ ಕುಸಿದ ದೀಪ ಹತ್ತಿತು. ಪೈಲಟ್ಟುಗಳು ನಿಯಮದಂತೆ ಅದನ್ನು ಆರಿಸಿ ಮಯಾಮಿಗೆ ಹಿಂತಿರುಗಲು ತೀರ್ಮಾನಿಸಿದರು. ಅಷ್ಟರಲ್ಲಿ ಉಳಿದ ಎರಡು ಎಂಜಿನ್ನುಗಳ ದೀಪಗಳೂ ಹತ್ತಿದವು. ಮೂರೂ ಎಂಜಿನ್ನುಗಳ ಎಣ್ಣೆಯ ಮಟ್ಟ ಸೊನ್ನೆ ಎಂದು ಗೇಜುಗಳು ತೋರಿಸಿದವು. ಇದನ್ನು ಯಾರು ನಂಬುತ್ತಾರೆ? ಮೂರು ಎಂಜಿನ್ನುಗಳ ಎಣ್ಣೆ ಒಟ್ಟಿಗೆ ಬತ್ತುವುದು ಕೋಟಿಗೊಂದರ ಮಾತು, ಕೆಟ್ಟಿರುವುದು ಗೇಜುಗಳೇ ಎಂದು ಅವರು ಯೋಚಿಸಿದರು. ಅನುಭವವಿದ್ದ ಯಾರಾದರೂ ಹಾಗೆಯೇ ಯೋಚಿಸುತ್ತಿದ್ದರು.

9.28ಕ್ಕೆ ಬಲಗಡೆಯ ಎಂಜಿನ್ನು ನಿಂತಿತು. 9.33ಕ್ಕೆ ಎಡಗಡೆಯದೂ ನಿಂತಿತು. ಸುಮಾರು 13,000 ಅಡಿಯಿಂದ ಆ ದೊಡ್ಡ ವಿಮಾನ ಯಾವ ಎಂಜಿನ್ನೂ ಇಲ್ಲದೆ ಅಟ್ಲಾಂಟಿಕ್ ಸಾಗರದತ್ತ ಇಳಿಯತೊಡಗಿತು. ಪ್ರಯಾಣಿಕರು ಜೀವರಕ್ಷಕ ಅಂಗಿಗಳನ್ನು ತೊಟ್ಟು ನೀರಿನ ಮೇಲೆ ಇಳಿಯುವುದಕ್ಕೆ ಸಿದ್ಧರಾದರು. ಮೊದಲೇ ಆರಿಸಿದ್ದ ನಡುವಿನ ಎಂಜಿನ್ನನ್ನು ಪೈಲಟ್ಟುಗಳು ಮತ್ತೆ ಮತ್ತೆ ಹೊತ್ತಿಸಲು ಯತ್ನಿಸಿದರು. ಸುಮಾರು 4,000 ಅಡಿ ಎತ್ತರದಲ್ಲಿ ಅದು ಹೊತ್ತಿಕೊಂಡಿತು. ಬೇಗ ಆರಿಸಿದ್ದರಿಂದ ಅದರ ಬೇರಿಂಗುಗಳಲ್ಲಿ ಇನ್ನೂ ಜೀವ ಉಳಿದಿತ್ತು. ಆ ಒಂದೇ ಎಂಜಿನ್ನಿನಲ್ಲಿ 9.46ಕ್ಕೆ ವಿಮಾನ ಮಯಾಮಿಯಲ್ಲಿ ಇಳಿಯಿತು. ಯಾರಿಗೂ ಗಾಯವಾಗಲಿಲ್ಲ.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆಯಲ್ಲಿ ಕಾರಣ ಸಿಕ್ಕಿತು. ಆ ವಿಮಾನದ ಪ್ರತಿ ಎಂಜಿನ್ನಿನ ಮುಖ್ಯ ಚಿಪ್ ಡಿಟೆಕ್ಟರನ್ನು 22 ಹಾರಾಟದ ಗಂಟೆಗಳಿಗೊಮ್ಮೆ ಬಿಚ್ಚಿ ನೋಡುವ ಕ್ರಮವಿತ್ತು. ಬೇರಿಂಗು ಕೆಡುವುದನ್ನು ಮುಂಚಿತವಾಗಿ ತಿಳಿಯಲೆಂದೇ ಈ ಪರೀಕ್ಷೆ. ಹಿಂದಿನ ರಾತ್ರಿ ಇಬ್ಬರು ಮೆಕ್ಯಾನಿಕ್‌ಗಳು ಮೂರೂ ಎಂಜಿನ್ನುಗಳ ಡಿಟೆಕ್ಟರುಗಳನ್ನು ತೆಗೆದು ಬೇರೆಯವನ್ನು ಹಾಕಿದ್ದರು. ಎಣ್ಣೆ ಸೋರದಂತೆ ತಡೆಯುವ ಓ-ರಿಂಗ್ ಎಂಬ ಸಣ್ಣ ಬಳೆಗಳು ಅವುಗಳಲ್ಲಿ ಇರಲೇ ಇಲ್ಲ. ಪ್ರತಿಬಾರಿ ಮೇಸ್ತ್ರಿ ಕೊಡುತ್ತಿದ್ದ ಡಿಟೆಕ್ಟರುಗಳಲ್ಲಿ ಬಳೆಗಳು ಮೊದಲೇ ಕೂತಿರುತ್ತಿದ್ದವು. ಆ ರಾತ್ರಿ ಅವು ಉಗ್ರಾಣದಿಂದ ಬಂದಿದ್ದವು. ಬಳಸಲು ಯೋಗ್ಯ ಎಂಬ ಚೀಟಿ ಅವುಗಳಿಗಿತ್ತು. ಹೊಸ ಬಳೆ ಹಾಕಬೇಕೆಂದು ಕೆಲಸದ ಕಾರ್ಡಿನಲ್ಲಿ ಬರೆದಿತ್ತು, ಅದಕ್ಕೆ ಸಹಿಯೂ ಬಿದ್ದಿತ್ತು. ಸೋರಿಕೆ ಇದೆಯೇ ಎಂದು ಎಂಜಿನ್ನುಗಳನ್ನು ತಿರುಗಿಸಿ ನೋಡಿದ್ದೂ ನಿಜ. ಆದರೆ ಆ ಕೆಲವೇ ಸೆಕೆಂಡುಗಳಲ್ಲಿ ಹನಿ ಬೀಳಲಿಲ್ಲ. ಆಕಾಶದಲ್ಲಿ ಪೂರ್ಣ ಒತ್ತಡ ಏರಿದಾಗ ಎಣ್ಣೆ ಆ ಸಂದುಗಳಿಂದ ಹರಿದುಹೋಯಿತು.

ತನಿಖೆ ಇನ್ನೊಂದು ಸಂಗತಿಯನ್ನೂ ಎತ್ತಿ ತೋರಿಸಿತು. 1981ರ ಸೆಪ್ಟೆಂಬರ್‌ನಿಂದ ಅಷ್ಟರೊಳಗೆ ಅದೇ ಕಂಪನಿಯಲ್ಲಿ ಈ ಡಿಟೆಕ್ಟರು ಮತ್ತು ಬಳೆಗಳ ತೊಂದರೆಯಿಂದ ಹಾರಾಟದ ನಡುವೆ ಎಂಜಿನ್ನು ಆರಿಸಬೇಕಾದ ಅಥವಾ ಬೇರೆಡೆ ಇಳಿಯಬೇಕಾದ ಘಟನೆಗಳು 12 ಬಾರಿ ನಡೆದಿದ್ದವು. ಪ್ರತಿ ಸಲವೂ ಒಂದೇ ಎಂಜಿನ್ನು. ಪ್ರತಿ ಸಲವೂ ತಪ್ಪು ಮೆಕ್ಯಾನಿಕ್‌ನದು ಎಂದು ತೀರ್ಮಾನವಾಗುತ್ತಿತ್ತು. ಕೆಲಸದ ಕ್ರಮದಲ್ಲೇ ದೋಷವಿದೆಯೇ ಎಂದು ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಎಣ್ಣೆಯಲ್ಲಿ ಕಬ್ಬಿಣ ಮೆಲ್ಲಮೆಲ್ಲನೆ ಏರುವುದನ್ನು ನೋಡಬೇಕೆಂದು ಅಷ್ಟೆಲ್ಲ ಶಿಸ್ತು ಕಲಿತ ಕ್ಷೇತ್ರದಲ್ಲಿ ಈ ಹನ್ನೆರಡರ ಏರಿಕೆಯನ್ನು ಮಾತ್ರ ಯಾರೂ ಒಂದೇ ಗೆರೆಯಾಗಿ ಓದಲಿಲ್ಲ.

*

ಈ ಘಟನೆಯನ್ನು ಬರೀ ಮರೆವಿನ ಕಥೆಯಾಗಿ ಓದಿದರೆ ಅದರ ತಿರುಳು ತಪ್ಪಿಹೋಗುತ್ತದೆ. ಪೈಲಟ್ಟುಗಳ ಲೆಕ್ಕವನ್ನೇ ನೋಡಿ. ಒಂದು ಎಂಜಿನ್ನು ಕೆಡುವ ಸಾಧ್ಯತೆ ಹತ್ತು ಸಾವಿರಕ್ಕೆ ಒಂದು ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಮೂರೂ ಒಟ್ಟಿಗೆ ಕೆಡುವ ಸಾಧ್ಯತೆ ಲಕ್ಷ ಕೋಟಿಗೆ ಒಂದು. ಅಂಥದ್ದು ನಡೆಯುತ್ತದೆ ಎನ್ನುವ ಗೇಜನ್ನು ಸಂಶಯಿಸುವುದೇ ವಿವೇಕ. ಗುಣಾಕಾರದಲ್ಲಿ ತಪ್ಪಿರಲಿಲ್ಲ. ಆದರೆ ಆ ಗುಣಾಕಾರ ಮಾಡಬೇಕಾದರೆ ಮೂರು ಎಂಜಿನ್ನುಗಳು ಒಂದಕ್ಕೊಂದು ಸಂಬಂಧವಿಲ್ಲದವು ಆಗಿರಬೇಕು. ಆಕಾಶದಲ್ಲಿ ಅವುಗಳಿಗೆ ಸಂಬಂಧವಿರಲಿಲ್ಲ. ಒಂದೊಂದಕ್ಕೂ ಬೇರೆ ಎಣ್ಣೆ, ಬೇರೆ ಪಂಪು, ಬೇರೆ ತೊಟ್ಟಿ. ನೆಲದ ಮೇಲೆ ಮಾತ್ರ ಇತ್ತು. ಒಂದೇ ರಾತ್ರಿ, ಒಂದೇ ಉಗ್ರಾಣ, ಒಂದೇ ರೂಢಿ ಮೂರನ್ನೂ ಮುಟ್ಟಿತ್ತು. ಹಾಗೆ ಮುಟ್ಟಿದ್ದು ಪರೀಕ್ಷೆಯ ಹೆಸರಿನಲ್ಲಿ.

ಪರೀಕ್ಷೆ ಎಂದರೆ ದೂರ ನಿಂತು ನೋಡುವುದು ಎಂದು ನಾವು ಭಾವಿಸುತ್ತೇವೆ. ಎಂಜಿನ್ನಿನ ವಿಷಯದಲ್ಲಿ ಅದು ಪ್ರತಿ ಸಲವೂ ಬಿಚ್ಚುವ, ಮತ್ತೆ ಮುಚ್ಚುವ ಕೆಲಸ. ಪ್ರತಿ 22 ಗಂಟೆಗೊಮ್ಮೆ ಮುಚ್ಚಳ ಬಿಚ್ಚಿದರೆ ಒಳಗಿನ ರೋಗ ತಿಳಿಯುವ ಅವಕಾಶ ಎಷ್ಟು ಬಾರಿ ಬರುತ್ತದೋ ಮುಚ್ಚಳ ಸರಿಯಾಗಿ ಮುಚ್ಚದಿರುವ ಅವಕಾಶವೂ ಅಷ್ಟೇ ಬಾರಿ ಬರುತ್ತದೆ. ಹಾಗೆಂದು ಪರೀಕ್ಷೆ ಬೇಡವೆನ್ನಲಾಗದು. ಆದರೆ ಆ ಬಿಚ್ಚುವ ಕೈಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ವಿಮಾನಲೋಕ ಈ ಪಾಠವನ್ನು ಕಲಿತದ್ದು ಕಾಣುತ್ತದೆ. 1985ರಲ್ಲಿ ಎರಡೇ ಎಂಜಿನ್ನಿನ ಪ್ರಯಾಣಿಕ ವಿಮಾನಗಳು ಸಾಗರದ ಮೇಲೆ ಹತ್ತಿರದ ನಿಲ್ದಾಣದಿಂದ 120 ನಿಮಿಷದಷ್ಟು ದೂರದವರೆಗೆ ಹೋಗಬಹುದೆಂಬ ನಿಯಮ ಅಮೆರಿಕದಲ್ಲಿ ಬಂತು. ಮುಂದೆ ಆ ಅವಧಿ ಇನ್ನೂ ಬೆಳೆಯಿತು. ಇಂಥ ಹಾರಾಟಗಳಿಗೆ ಬೆಳೆದು ಬಂದ ಷರತ್ತುಗಳಲ್ಲಿ ಎರಡು ನಮ್ಮ ಕಥೆಗೆ ನೇರವಾಗಿ ಸೇರಿದವು. ಪ್ರತಿ ಎಂಜಿನ್ನು ಎಷ್ಟು ಎಣ್ಣೆ ಕುಡಿಯುತ್ತಿದೆ ಎಂಬುದರ ಖಾತೆಯನ್ನು ಬಿಡದೆ ಇಡಬೇಕು. ಒಂದೇ ಸಲದಲ್ಲಿ ಒಬ್ಬನೇ ಮೆಕ್ಯಾನಿಕ್ ಎರಡೂ ಎಂಜಿನ್ನುಗಳಿಗೆ ಒಂದೇ ಬಗೆಯ ಕೆಲಸ ಮಾಡುವುದನ್ನು ಆದಷ್ಟೂ ತಪ್ಪಿಸಬೇಕು. ಎರಡನೆಯ ಷರತ್ತಿನಲ್ಲಿ ಲೋಹದ ಮಾತೂ ಇಲ್ಲ, ರೋಹಿತದ ಮಾತೂ ಇಲ್ಲ. ಒಂದು ಎಂಜಿನ್ನಿಗೆ ಆದ ಮರೆವು ಇನ್ನೊಂದಕ್ಕೆ ದಾಟದಂತೆ ಮಾಡುವ ಏರ್ಪಾಟು ಅಷ್ಟೇ.

ಇಂದು ಕೆಲವು ಎಂಜಿನ್ನುಗಳ ಎಣ್ಣೆಯ ದಾರಿಯಲ್ಲೇ ವಿದ್ಯುತ್ ಸುರುಳಿಗಳನ್ನು ಕೂರಿಸಿ ಹಾದುಹೋಗುವ ಪ್ರತಿ ಲೋಹದ ಚೂರನ್ನೂ ಹಾರಾಟದ ನಡುವೆಯೇ ಎಣಿಸುತ್ತಾರೆ. ಬಿಚ್ಚುವ ಗೊಡವೆ ಕಡಿಮೆಯಾಗಿದೆ. ಆದರೆ ಅಂಕಿ ಬಂದ ಮೇಲೆ ಅದನ್ನು ನಂಬಬೇಕೋ ಬೇಡವೋ ಎಂದು ಯಾರೋ ಒಬ್ಬರು ತೀರ್ಮಾನಿಸಬೇಕಾದ್ದು ತಪ್ಪಿಲ್ಲ. 855ನೇ ವಿಮಾನದ ಆ ಬೆಳಗ್ಗೆ ಮೂರು ಗೇಜುಗಳೂ ನಿಜವನ್ನೇ ಹೇಳಿದ್ದವು.